ತಾರಸಿಯ ಬ್ಯಾರಿಸ್ಟರು

ನಮ್ಮ ಸಾರ್ ಕೋರ್ಟಿನಲ್ಲಿ ವಾದಿಸಿ ಹಾರುವ ವಿಮಾನಗಳನ್ನು ನೆಲಕ್ಕೆ ಕಟ್ಟಿಹಾಕಿಸಿದ್ದಾರೆ, ಒಬ್ಬರ ಕೈಯಿಂದ ಬಿಡಿಸಿ ಇನ್ನೊಬ್ಬರಿಗೆ ಕೊಡಿಸಿದ್ದಾರೆ, ಒಮ್ಮೆ ರೆಕ್ಕೆಯಿಂದ ಎಂಜಿನ್ನನ್ನೇ ಬಿಚ್ಚಿಸಿದ್ದಾರೆ. ಆದರೆ ಇವತ್ತಿನವರೆಗೆ ಒಂದೇ ಒಂದು ವಿಮಾನದ ಮೆಟ್ಟಿಲನ್ನೂ ತುಳಿದವರಲ್ಲ! ಬಸವೇಶ್ವರನಗರದ ಅವರ ಮನೆಯ ರಸ್ತೆಯವರು ಅವರನ್ನು ‘ಬ್ಯಾರಿಸ್ಟರ್’ ಎನ್ನುತ್ತಾರೆ. ಲಂಡನ್ನಿನ ಮುಖ ಕಾಣದ ಬ್ಯಾರಿಸ್ಟರ್! ಕಾಣುವುದಾದರೂ ಹೇಗೆ, ಅಲ್ಲಿಗೆ ರೈಲಿಲ್ಲವಲ್ಲ?

ನಾನು ಅವರ ಜೂನಿಯರ್. ಲಗ್ಗೆರೆಯ ಬಾಡಿಗೆ ಮನೆಯ ಹುಡುಗಿ. ಅಪ್ಪ ಲೇತ್ ಮೆಷೀನಿನ ಕೆಲಸಗಾರರು. ನಮ್ಮ ವಂಶದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಕೇಳದಿದ್ದರೂ ಹೇಳಿಕೊಳ್ಳುತ್ತೇನೆ. ಕಷ್ಟಪಟ್ಟವಳು ನಾನು, ಸಂಕೋಚ ಯಾಕೆ ಪಡಲಿ?

ಸಾರ್ ಆಫೀಸು ಮನೆಯ ಕೆಳಗಿದೆ. ನಿಜವಾದ ಆಫೀಸು ಮಾತ್ರ ತಾರಸಿ. ಸಂಜೆ ಕೋರ್ಟಿನಿಂದ ಬಂದವರೇ ಕೋಟು ಕಳಚಿ, ನೀರಿನ ಟ್ಯಾಂಕಿನ ಪಕ್ಕ ಚಾಪೆ ಹಾಸಿ, ಫೈಲನ್ನು ಎದೆಯ ಮೇಲಿಟ್ಟುಕೊಂಡು ಅಂಗಾತ ಮಲಗುತ್ತಾರೆ. ಪಕ್ಕದ ಪ್ಲಾಸ್ಟಿಕ್ ಕುರ್ಚಿ ನನ್ನದು. ಆಕಾಶ ಪರಂಗಿಹಣ್ಣಿನ ಬಣ್ಣಕ್ಕೆ ಮಾಗುವ ಹೊತ್ತು. ಹದ್ದುಗಳು ಸೋಮಾರಿಯಾಗಿ ಸುತ್ತುತ್ತಿರುತ್ತವೆ. ಅವುಗಳಿಗಿಂತ ಎಷ್ಟೋ ಮೇಲೆ, ಸದ್ದೇ ಇಲ್ಲದೆ, ಯಾರೋ ನಿದ್ದೆಯಲ್ಲಿ ಗೆರೆ ಎಳೆದ ಹಾಗೆ ಒಂದು ವಿಮಾನ ತೇಲುತ್ತದೆ.

“ಯಾರದಮ್ಮ ಅದು?”

“ಬಾಲದ ಮೇಲೆ ಹೆಸರಿರುತ್ತಲ್ಲ ಸಾರ್, ಅವರದು.”

“ಅದು ಬರೀ ಬೋರ್ಡು ಕಣಮ್ಮ! ವಿಮಾನ ಐರ್ಲೆಂಡಿನ ಬಾಡಿಗೆ ಕಂಪನಿಯವರದು, ಎಂಜಿನ್ ಇನ್ಯಾರದೋ. ಮೇಲೆ ಹೋಗ್ತಿರೋದೆಲ್ಲಾ ಬಾಡಿಗೆ ಮನೆಗಳೇ. ಸ್ವಂತದ್ದು ಅಂತ ಒಂದೂ ಇಲ್ಲ.”

ಕೇಳಿ ನನಗೆ ಒಳಗೊಳಗೇ ಸಮಾಧಾನ. ಸದ್ಯ, ಬಾಡಿಗೆಯವರು ನಾವೊಬ್ಬರೇ ಅಲ್ಲ!

ಪಕ್ಕದ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುವ ಆಂಟಿ ಬಿಡುವವರಲ್ಲ. “ಬ್ಯಾರಿಸ್ಟರೇ, ಅಷ್ಟೊಂದು ನೋಡ್ತೀರ, ಒಂದ್ಸಲ ಹತ್ತಬಾರದಾ?”

“ಆಸೆ ಇದೆ ಮೇಡಂ. ಆದ್ರೆ ನಮ್ಮ ಕಕ್ಷಿದಾರನ ವಿಮಾನ ಹತ್ತಿದ್ರೆ, ಕಾಫಿ ಚೆನ್ನಾಗಿಲ್ಲ ಅನ್ನೋಕೆ ದಾಕ್ಷಿಣ್ಯ. ಎದುರು ಪಕ್ಷದವರದು ಹತ್ತಿದ್ರೆ, ಅವರು ಕೊಟ್ಟ ನೀರು ಕುಡಿದು ಅವರ ಮೇಲೇ ವಾದ ಮಾಡೋದು ಹೆಂಗೆ?”

ಈ ಎರಡು ಗುಂಪಿಗೂ ಸೇರದ ವಿಮಾನ ಕಂಪನಿ ದೇಶದಲ್ಲೇ ಇರಲಿಲ್ಲ! ಹಾಗಾಗಿ ದೆಹಲಿಗೂ ರೈಲೇ. ಜೊತೆಗೆ ಒಂದು ಡಬ್ಬಿ ಚಕ್ಕುಲಿ. ಒಮ್ಮೆ ಹೊಸ ಕಂಪನಿಯೊಂದು ಶುರುವಾದಾಗ ನಾನು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಹೋದೆ. “ಸಾರ್, ಇವರ ಜೊತೆ ನಮಗೆ ಯಾವ ಕೇಸೂ ಇಲ್ಲ!”

ಸಾರ್ ಕಣ್ಣು ತೆರೆಯಲಿಲ್ಲ. “ವಿಮಾನ ಯಾರಿಂದ ಬಾಡಿಗೆಗೆ ತಗೊಂಡಿದಾರೆ?”

ಹುಡುಕಿ ನೋಡಿದೆ. ನಮ್ಮ ಎದುರು ಪಕ್ಷದವರಿಂದಲೇ!

ಹೀಗಿರುವಾಗ ಗುಲಾಬಿಯ ಕೇಸು ಬಂತು. ಕೆಂಗೇರಿಯಾಚೆ ಹೂ ಬೆಳೆಯುವ ಗಂಡ ಹೆಂಡತಿ ವಿದೇಶಕ್ಕೆ ಕಳಿಸಿದ ಗುಲಾಬಿ ಪೆಟ್ಟಿಗೆಗಳನ್ನು ವಿಮಾನದವರು ಬಿಸಿಲಲ್ಲಿ ಬಿಟ್ಟಿದ್ದರು. ತಲುಪಿದ್ದು ಕೊಳೆತ ಸೊಪ್ಪು. ವಿಮಾನದವರ ಮ್ಯಾನೇಜರನ್ನು ಮುಂದಿನ ವಾರ ದೆಹಲಿಯಲ್ಲಿ, ಮಧ್ಯಸ್ಥಗಾರರ ಎದುರು ಪ್ರಶ್ನಿಸಬೇಕಿತ್ತು. ಒಂದು ಮಧ್ಯಾಹ್ನ ಅವರ ಕಚೇರಿಯಿಂದ ಫೋನು ಬಂತು: ಆ ಸಾಕ್ಷಿ ವಿದೇಶಕ್ಕೆ ಹೊರಟಿದ್ದಾನೆ, ನಾಳೆ ಬೆಳಿಗ್ಗೆಯೇ ಬನ್ನಿ. ಹೋಗದಿದ್ದರೆ ಕೇಸೂ ಗುಲಾಬಿಯ ಹಾದಿ ಹಿಡಿಯುತ್ತಿತ್ತು. ಅಷ್ಟರೊಳಗೆ ಮುಟ್ಟಿಸುವ ರೈಲು ಎಲ್ಲಿದೆ?

“ಸಾರ್, ಇದೊಂದ್ಸಲ...”

“ನಿಯಮ ನಂದು. ನೀನು ಹತ್ತು.”

“ನಾನಾ? ಪಾಟಿ ಸವಾಲು ಒಂದ್ಸಲಾನೂ ಮಾಡಿಲ್ಲ ಸಾರ್! ವಿಮಾನಾನೂ ಹತ್ತಿಲ್ಲ!”

“ಎರಡೂ ಒಂದೇ ಕಣಮ್ಮ. ಏರುವಾಗ ಹೊಟ್ಟೆ ಕಲಸುತ್ತೆ, ಆಮೇಲೆ ಸರಿಹೋಗುತ್ತೆ. ಅವರು ಕೊಟ್ಟ ನೀರು ಮಾತ್ರ ಕುಡೀಬೇಡ!”

ಆ ಸಂಜೆ ಸೀಟು ಸಿಕ್ಕಿದ್ದು, ನಾವು ಯಾರ ಮೇಲೆ ಕೇಸು ಹಾಕಿದ್ದೆವೋ ಅವರದೇ ವಿಮಾನದಲ್ಲಿ! ಅದೂ ನಡುವಿನ ಸೀಟು. ಕಿಟಕಿಯ ಪಕ್ಕದವರು ಕೂತವರೇ ಪರದೆ ಎಳೆದು ಗೊರಕೆ ಶುರುಮಾಡಿದರು. ವಿಮಾನದ ಹುಡುಗಿ ನಗುತ್ತಾ ನೀರು ಚಾಚಿದಳು. “ಬೇಡ, ನಿಮ್ಮ ಮೇಲೆ ಕೇಸಿದೆ” ಎಂದೆ. ಪಾಪ, ಆಕೆ ಆಮೇಲೆ ನನ್ನ ಸಾಲಿಗೇ ಬರಲಿಲ್ಲ.

ಬೆಳಿಗ್ಗೆ ದೆಹಲಿಯಲ್ಲಿ, ಮಧ್ಯಸ್ಥಗಾರರ ಎದುರು ಎದ್ದು ನಿಂತೆ. ಸೀದಾ ಕೇಳಿದೆ. “ಆ ಪೆಟ್ಟಿಗೆಗಳ ಮೇಲೆ ನೆರಳಿತ್ತಾ?” ಸಾಕ್ಷಿ ತನ್ನ ವಕೀಲರ ಮುಖ ನೋಡಿದ, ಛಾವಣಿ ನೋಡಿದ. “ಇರಲಿಲ್ಲ” ಎಂದ. ನಮಗೆ ಬೇಕಿದ್ದುದು ಅಷ್ಟೇ.

ಗೆದ್ದವಳ ಗತ್ತಿನಲ್ಲಿ ಲಗ್ಗೆರೆಗೆ ಬಂದರೆ, ಅಪ್ಪನ ಹತ್ತಿರ ನನ್ನದಕ್ಕಿಂತ ದೊಡ್ಡ ಸುದ್ದಿಯಿತ್ತು.

“ನೀನು ಹೊರಟ ಸಂಜೆ ನಿಮ್ ಸಾರ್ ಆಟೋ ಕಳಿಸಿದ್ರು ಕಣವ್ವ. ಟೆರೇಸ್ ಮೇಲೆ ನಂಗೂ ಒಂದು ಚಾಪೆ ಹಾಸಿದ್ರು. ಇಬ್ರೂ ಮಲಕ್ಕಂಡು ಮೇಲೆ ನೋಡ್ತಾ ಇದ್ವಿ. ಇದ್ಯಾರದು ಸಾರ್ ಅಂದೆ. ಬಾಡಿಗೇದು ಅಂದ್ರು. ಇದು? ಇದೂ ಬಾಡಿಗೇದೇ ಅಂದ್ರು. ಆಮೇಲೆ ಇನ್ನೊಂದು ದೀಪ ಬಂತು. ಗಡಿಯಾರ ನೋಡ್ಕಂಡು ಎದ್ದು ಕೂತ್ರು. ‘ಎದ್ದೇಳಿ ಯಜಮಾನ್ರೇ, ಇದೊಂದು ಸ್ವಂತದ್ದು. ನಿಮ್ಮ ಮಗಳದು’ ಅಂದ್ರು.”

ಅಪ್ಪ ಎಣ್ಣೆಗಪ್ಪು ಹಿಡಿದ ಕೈಯನ್ನು ತಲೆಯ ಮೇಲಕ್ಕೆತ್ತಿ ಬೀಸಿ ತೋರಿಸಿದರು.

“ಹಿಂಗೇ ಕೈ ಬೀಸಿದೆ ಕಣವ್ವ, ಅದು ಮರೆಯಾಗೋವರೆಗೂ. ಕಾಣ್ತಾ ನಿಂಗೆ?”

“ಕಾಣ್ತಪ್ಪ” ಎಂದೆ.