ದಿವಂಗತ ಒಪೊಕು ಅವರ ವರ್ಗಾವಣೆ

ಕೊಫೊರಿಡುವಾ ಊರಿನ ನಮ್ಮ ಕೃಪಾದ್ವಾರ ಸಭೆಯ ಕಚೇರಿಯ ಲ್ಯಾಪ್‌ಟಾಪಿಗೆ, ದೇವರ ದಯೆಯಿಂದ, ಹೊಸ ಡ್ರೈವ್ ಹಾಕಿಸಲಾಗಿದೆ. ಹಳೆಯದರ ಮೇಲೆ ಗುಮಾಸ್ತನಾದ ನನಗೆ ದೂರೇನೂ ಇರಲಿಲ್ಲ. ಗುಂಡಿ ಒತ್ತಿ, ಒಂದು ಕೀರ್ತನೆ ಓದಿ, ಮೊಣಕಾಲೂರಿ ಪ್ರಾರ್ಥಿಸಿ, ಬೀದಿಗೆ ಹೋಗಿ ಜೋಳದ ಗಂಜಿ ಕುಡಿದು ಬಂದರೂ ಅದು ಇನ್ನೂ ಚಾಲೂ ಆಗುತ್ತಲೇ ಇರುತ್ತಿತ್ತು. ನನ್ನ ಆತ್ಮಕ್ಕೆ ಅದರಿಂದ ಒಳ್ಳೆಯದೇ ಆಗಿದೆ.

ಸಭೆಯವರೆಲ್ಲರ ಹೆಸರು ಆ ಲ್ಯಾಪ್‌ಟಾಪಿನಲ್ಲಿದೆ. ಯಾರಾದರೂ ತೀರಿಕೊಂಡರೆ ಅವರು ನಮ್ಮ ಸದಸ್ಯರೆಂಬ ಪತ್ರ ಅದರಿಂದಲೇ ಹೊರಬರತಕ್ಕದ್ದು. ಪತ್ರವಿಲ್ಲದ ಶವಕ್ಕೆ ಗಂಟೆ ಬಾರಿಸುವುದಿಲ್ಲ, ಪಾದ್ರಿಗಳು ಸಮಾಧಿಗೆ ಬರುವುದಿಲ್ಲ. ಡ್ರೈವ್ ಬದಲಾದ ವಾರವೇ, ನಮ್ಮ ಗಂಟೆಯನ್ನು ಜೀವಮಾನವಿಡೀ ಬಾರಿಸಿದ ಒಪೊಕು ತೀರಿಕೊಂಡರು.

ಡ್ರೈವ್ ಹಾಕಿದ ದಿನ, ರಿಪೇರಿಯ ಸೆಲೊರ್ಮ್ ಕೊನೆಯ ತಿರುಪು ಬಿಗಿದು ಕೇಳಿದ್ದ: "ಇದು ಚಾಲೂ ಆಗೋಕೆ ಎರಡು ಕ್ರಮ ಇದೆ. ಒಂದು ಹಳೇದು, ಒಂದು ಹೊಸದು. ಈ ಡ್ರೈವನ್ನ ಹೊಸದಕ್ಕೇ ಸಿದ್ಧ ಮಾಡಿದ್ದೀನಿ. ಹೊಸದೇ ಇಟ್ಬಿಡ್ಲಾ?"

ಬಾಗಿಲಲ್ಲಿ ಹಿರಿಯ ಟುಮಾಸಿ ನಿಂತಿದ್ದರು. "ಹಳೇದು ಹೊಸದು ಅಂತ ತೀರ್ಮಾನ ಮಾಡೋಕೆ ನೀನ್ಯಾರಪ್ಪ?" ಎಂದರು.

ನಮ್ಮಲ್ಲಿ ಈ ವಿಷಯ ಸೂಕ್ಷ್ಮವಾದದ್ದು. ಹಳೆಯ ಕೀರ್ತನೆಯವರೂ ಹೊಸ ಹಾಡಿನವರೂ ಒಂದೇ ಆರಾಧನೆಯಲ್ಲಿ ಕೂತು ಜಗಳವಾಡಿ, ಕಡೆಗೆ ಬೇರೆಯಾಗಿದ್ದರು. ಒಂಬತ್ತು ಗಂಟೆಗೆ ಟುಮಾಸಿಯವರ ಮುಂದಾಳತ್ವದಲ್ಲಿ ಕೀರ್ತನೆ. ಹನ್ನೊಂದಕ್ಕೆ ಸೆರ್ವಾ ಅಮ್ಮನವರ ಮುಂದಾಳತ್ವದಲ್ಲಿ ಡೋಲು, ಕುಣಿತ, ಬಿಳಿ ಕರವಸ್ತ್ರದ ಬೀಸಾಟ. ಅಂದಿನಿಂದ ಶಾಂತಿಯಿದೆ.

ಹಿರಿಯರ ಮಂಡಳಿ ಕೂಡಿತು. ಸಭಾಭತ್ಯೆ, ಜೊಲೊಫ್ ಅನ್ನ, ಕರಿದ ಕೋಳಿ ಇವುಗಳ ನಂತರ ಹೀಗೆ ನಿರ್ಣಯಿಸಲಾಯಿತು:

"ಸೋಮ, ಬುಧ, ಶುಕ್ರವಾರಗಳಂದು ಲ್ಯಾಪ್‌ಟಾಪ್ ಹಳೆಯ ಕ್ರಮದಲ್ಲಿಯೂ, ಮಂಗಳ, ಗುರುವಾರಗಳಂದು ಹೊಸ ಕ್ರಮದಲ್ಲಿಯೂ ಇರತಕ್ಕದ್ದು. ಒಂದು ಪಂಗಡದವರ ಕೆಲಸವನ್ನು ಮತ್ತೊಂದು ಪಂಗಡದ ಕ್ರಮದಲ್ಲಿ ಮಾಡಕೂಡದು."

"ಅಜ್ಜಾ, ಹಳೇ ಕ್ರಮದಲ್ಲಿ ಈ ಡ್ರೈವ್ ಏಳೋದೇ ಇಲ್ಲ," ಎಂದ ಸೆಲೊರ್ಮ್.

"ಏಳಿಸು ಅಂತ ಯಾರು ಕೇಳಿದ್ರು? ಹಳೇ ಕ್ರಮ ಹಾಕು ಅಂದೆ, ಅಷ್ಟೇ," ಎಂದರು ಟುಮಾಸಿ.

"ಒಂಬತ್ತು ಗಂಟೆಗೆ ಹೋಗಿ ನೋಡಪ್ಪ," ಎಂದರು ಸೆರ್ವಾ ಅಮ್ಮ, "ಅಲ್ಲೂ ಯಾರೂ ಎದ್ದಿರಲ್ಲ."

ದಿನಾ ಬೆಳಿಗ್ಗೆ ಬಂದು ಕ್ರಮ ಬದಲಿಸಲು ಸೆಲೊರ್ಮ್‌ನಿಗೆ ಕೂಲಿಯನ್ನೂ ಬಸ್ ಚಾರ್ಜನ್ನೂ ಗೊತ್ತುಮಾಡಲಾಯಿತು. ಅವನು ಬೆರಳು ಮಡಚಿ ಲೆಕ್ಕ ಹಾಕಿದ. "ಯೋಚನೆ ಮಾಡಿದ್ರೆ ಹಳೇ ಕ್ರಮಕ್ಕೂ ಅದರದೇ ಒಂದು ಘನತೆ ಇದೆ," ಎಂದ. ಮನಸ್ಸುಗಳನ್ನು ತಿರುಗಿಸುವವನು ದೇವರೇ.

ಸೋಮವಾರ ಒಪೊಕು ಅವರ ಹೆಂಡತಿ ಅಜೇವಾ ಕಪ್ಪು ಬಟ್ಟೆಯಲ್ಲಿ ಬಂದರು.

"ಸ್ವಲ್ಪ ಬೇಗ ಕೊಡಿ ಗುಮಾಸ್ತರೇ. ಶನಿವಾರಕ್ಕೆ ಶಾಮಿಯಾನ ಹೇಳಿದ್ದೀನಿ, ಮನೆ ತುಂಬ ನೆಂಟರು."

ಗುಂಡಿ ಒತ್ತಿದೆ. ಚಾಲೂ ಮಾಡಲು ಯಾವ ಡ್ರೈವೂ ಸಿಗಲಿಲ್ಲವೆಂದು ಪರದೆ ತಿಳಿಸಿತು. ಇವತ್ತು ಹಳೆಯ ಕ್ರಮವೆಂದು ವಿವರಿಸಿ, ಇಬ್ಬರೂ ಪ್ರಾರ್ಥಿಸಿದೆವು.

ಮಂಗಳವಾರ ಮತ್ತೆ ಬಂದರು. ನಾನು ಆಮೆನ್ ಅನ್ನುವ ಮೊದಲೇ ಲ್ಯಾಪ್‌ಟಾಪ್ ತೆರೆದುಕೊಂಡಿತು. ಅಷ್ಟು ಆತುರ ನನಗೆ ಸ್ವಲ್ಪ ಅವಿನಯವೆನಿಸಿತು. ಒಪೊಕು ಅವರ ಹೆಸರಿತ್ತು. ಪಕ್ಕದಲ್ಲಿ, ಒಂಬತ್ತು ಗಂಟೆಯ ಆರಾಧನೆ ಎಂದಿತ್ತು.

ಹಿಂದೆ ನಿಂತಿದ್ದ ಟುಮಾಸಿ ಕೆಮ್ಮಿದರು. "ನಮ್ಮವನ ಪತ್ರ ಹೊಸ ಕ್ರಮದಲ್ಲಿ ಹೊರಡೋ ಹಂಗಿಲ್ಲ. ಸತ್ತವನ ನಂಬಿಕೆಗೆ ಬೆಲೆ ಬೇಡ್ವಾ?"

"ನಿಮ್ಮ ಪಕ್ಕದಲ್ಲೇ ಕೂತು ಹಾಡ್ತಿದ್ದ ಮನುಷ್ಯ ಅಲ್ವಾ ಅಜ್ಜಾ," ಎಂದರು ಅಜೇವಾ. "ಸದಸ್ಯ ಹೌದು ಅಂತ ನೀವೇ ಒಂದು ಮಾತು ಹೇಳಬಾರ್ದಾ?"

"ಸಾವಿರ ಸಲ ಹೇಳ್ತೀನಿ ತಾಯಿ. ಆದ್ರೆ ನಾನು ಲ್ಯಾಪ್‌ಟಾಪ್ ಅಲ್ವಲ್ಲ."

"ಶವಾಗಾರದವರು ದಿನದ ಬಾಡಿಗೆ ಕೇಳ್ತಾರೆ. ನಾನು ನಮ್ಮ ಯಜಮಾನ್ರನ್ನ ಮಣ್ಣು ಮಾಡೋದು ಯಾವಾಗ?"

"ಅವನು ತಂಪಾಗಿದ್ದಾನೆ ಬಿಡಮ್ಮ. ಬೆವರ್ತಿರೋದು ನಾವು."

ಶನಿವಾರ ಬಂತು, ಶಾಮಿಯಾನ ವಾಪಸ್ ಹೋಯಿತು, ನೆಂಟರು ಊಟ ಮಾಡಿ ಬಸ್ ಹತ್ತಿದರು. ಅಜೇವಾ ಮಾತ್ರ ದಿನಾ ಬಂದು ಕಚೇರಿಯ ಬೆಂಚಿನ ಮೇಲೆ ಕೂರುತ್ತಿದ್ದರು. ಅವರನ್ನು ನೋಡಲಾರದೆ ನಾನು ಉಪವಾಸವಿದ್ದು ಪ್ರಾರ್ಥಿಸಿದೆ. ಮಾರನೆಯ ದಿನವೇ ಸೆರ್ವಾ ಅಮ್ಮನವರಿಗೆ ಬೆಳಕು ದೊರೆಯಿತು.

"ಒಪೊಕುನ ನಮ್ಮ ಹನ್ನೊಂದು ಗಂಟೆಗೆ ವರ್ಗ ಮಾಡಿಬಿಡಿ. ಆಮೇಲೆ ಹೊಸ ಕ್ರಮದಲ್ಲಿ ಪತ್ರ ಕೊಟ್ರೆ ಯಾರು ಕೇಳ್ತಾರೆ?"

ವರ್ಗಾವಣೆಗೆ ನಿಯಮವಿದೆ: ಸದಸ್ಯನು ಮೂರು ಭಾನುವಾರ ಹಾಜರಿರತಕ್ಕದ್ದು. ಮಂಡಳಿ ಪುನಃ ಕೂಡಿ, ಪುನಃ ಕೋಳಿ ತಿಂದು, ನಿಯಮವು ಹಾಜರಿಯನ್ನು ಕೇಳುತ್ತದೆಯೇ ಹೊರತು ಜೀವವನ್ನು ಕೇಳುವುದಿಲ್ಲವೆಂದು ಕಂಡುಕೊಂಡಿತು. ಕಟ್ಟು ಹಾಕಿಸಿದ ಫೋಟೋ ಸಾಕೆಂದಾಯಿತು.

"ಡೋಲು ಅಂದ್ರೆ ಅವರಿಗೆ ತಲೆನೋವು ಬರುತ್ತಿತ್ತು," ಎಂದರು ಅಜೇವಾ.

"ಈಗಲೂ ಬರುತ್ತಾ?" ಎಂದು ಸೆರ್ವಾ ಅಮ್ಮ ಮೃದುವಾಗಿ ಕೇಳಿದರು.

ಅಜೇವಾ ಯೋಚಿಸಿದರು. ಬಾಡಿಗೆಯೂ ನೆನಪಾಯಿತೇನೋ. ಒಪ್ಪಿದರು.

ಒಪೊಕು ಮೊದಲ ಸಾಲಿನ ಕುರ್ಚಿಯಲ್ಲಿ ಕೂತರು. ಅವರ ಪರವಾಗಿ ಹೆಂಡತಿ ಕರವಸ್ತ್ರ ಬೀಸಿದರು. ಮೊದಲ ಭಾನುವಾರ ಡೋಲಿನ ಅಬ್ಬರಕ್ಕೆ ಫೋಟೋ ಮುಖ ಅಡಿಯಾಗಿ ಬಿತ್ತು; ಆತ್ಮಾವೇಶವೆಂದು ಜನ ಸ್ತೋತ್ರ ಹೇಳಿದರು. ಮೂರನೆಯ ಭಾನುವಾರ ಮುಗಿದ ಮೇಲೆ ಬಂದ ಮಂಗಳವಾರ, ಕಣ್ಣು ಮಿಟುಕಿಸುವಷ್ಟರಲ್ಲಿ ಪತ್ರ ಬಂತು.

ಒಪೊಕು ಈಗ ಹೊಸ ಪಂಗಡದವರಾದ್ದರಿಂದ ಸಮಾಧಿಯ ಬಳಿ ಕೀರ್ತನೆಗೆ ಅವಕಾಶವಿರಲಿಲ್ಲ. ಆರು ಡೋಲುಗಳು ಬಂದವು. ಶವಪೆಟ್ಟಿಗೆ ಇಳಿಯುವಾಗ ನಾನು ಅಜೇವಾ ಅವರ ಪಕ್ಕ ನಿಂತು ಸಮಾಧಾನದ ಮಾತಿಗಾಗಿ ಹುಡುಕುತ್ತಿದ್ದೆ.

"ನೋಡಿ," ಎಂದರು ಅವರೇ, "ಡೋಲು ಬಡೀವಾಗ ಎದ್ದು ಹೋಗದೇ ಇದ್ದಿದ್ದು ಇದೇ ಮೊದಲು."

ಮುಂದಿನ ವಾರ ಹಿರಿಯ ಟುಮಾಸಿ ತಮ್ಮ ವರ್ಗಾವಣೆಯ ಅರ್ಜಿ ಕೊಟ್ಟರು, ಮುನ್ನೆಚ್ಚರಿಕೆಗಾಗಿ. ಕಿವಿಗೆ ಹತ್ತಿ ಇಟ್ಟುಕೊಂಡು ಹನ್ನೊಂದಕ್ಕೆ ಬಂದು ಕೂರುತ್ತಾರೆ, ಕರವಸ್ತ್ರವನ್ನೂ ಕೊಂಡಿದ್ದಾರೆ. ಸೆಲೊರ್ಮ್ ತಪ್ಪದೆ ಬರುತ್ತಾನೆ. ಮಂಡಳಿಯ ನಿರ್ಣಯವನ್ನೇ ಬದಲಿಸೋಣವೆಂದು ಈವರೆಗೆ ಯಾರೂ ಸೂಚಿಸಿಲ್ಲ, ದೇವರಿಗೆ ಸ್ತೋತ್ರ. ಒಂಬತ್ತು ಗಂಟೆಯ ಆರಾಧನೆಯೂ ಎಂದಿನಂತೆ ನಡೆಯುತ್ತಿದೆ. ಸದ್ಯಕ್ಕೆ ಸಾಯುವ ಅಂದಾಜಿಲ್ಲದವರು ಮಾತ್ರ ಬರುತ್ತಾರೆ.