ಶರಾವತಿ ಹಿಂದಕ್ಕೆ ಹರಿದ ದಿನ

ನಾವಿದ್ದ ಊರು ಪುಸ್ತಕದಲ್ಲಿ ಬಂದರೆ ಒಂದು ಥರದ ಗರ್ವ ಬರುತ್ತದೆ, ಲೇಖಕರು ನಮ್ಮನ್ನು ಕೇಳಿಯೇ ಬರೆದಿದ್ದಾರೆ ಅನ್ನುವ ಹಾಗೆ. ನನ್ನದು ಇನ್ನೂ ಒಂದು ಕೈ ಮೇಲು. ಕೆ.ಆರ್. ಪೇಟೆಯ ಲೈಬ್ರರಿಯಿಂದ ತಂದ ಕಾದಂಬರಿ ಹೊನ್ನಾವರದ ಬಂದರಿನದು. ನಾನಿದ್ದದ್ದು ಹೊನ್ನಾವರದಲ್ಲಲ್ಲ, ಅಲ್ಲಿಂದ ಹನ್ನೆರಡು ಕಿಲೋಮೀಟರ್ ಒಳಗೆ, ಶರಾವತಿ ದಂಡೆಯ ಒಂದು ಹಳ್ಳಿಯ ಪಶು ಆಸ್ಪತ್ರೆಯಲ್ಲಿ, ಕಾಂಪೌಂಡರಾಗಿ. ಎಂಟು ವರ್ಷದಲ್ಲಿ ಸಮುದ್ರ ನೋಡಿದ್ದು, ನೆಂಟರಿಗೆ ತೋರಿಸಲು ಹೋದದ್ದೂ ಸೇರಿ, ಹತ್ತು ಸಲ ಇರಬಹುದು. ಆದರೂ ಬಸ್ಸಿನಲ್ಲಿ ಮೀನಿನ ಬುಟ್ಟಿಗೆ ಜಾಗ ಮಾಡಿಸಲು ಕಂಡಕ್ಟರ್ ಜೊತೆ ಜಗಳಕ್ಕೆ ನಿಲ್ಲುವ ಹೆಂಗಸರು, ಮಳೆಗಾಲವಿಡೀ ಒಣಗದ ಬಟ್ಟೆಯ ವಾಸನೆ, ಕುಚ್ಚಲಕ್ಕಿ ಗಂಜಿ ಎಲ್ಲಾ ಬಂದಾಗ ‘ಸರಿಯಾಗಿ ಬರೆದಿದ್ದಾರೆ’ ಎಂದು ಮೇಷ್ಟ್ರ ಹಾಗೆ ತಲೆಯಾಡಿಸಿದೆ.

ನನ್ನ ಹೆಂಡತಿ ಸುಶೀಲ ಹೋಗಿ ಹತ್ತು ತಿಂಗಳಾಯಿತು. ಮನೆಯಲ್ಲಿ ಮಾತು ಕಡಿಮೆಯಾಗಿ ಓದು ಹೆಚ್ಚಾಗಿದೆ. ಒಂದು ಸಾಲು ಸೊಗಸಾಗಿ ಕಂಡರೆ ಅಡುಗೆಮನೆಯ ಕಡೆ ತಿರುಗಿ ‘ಇಲ್ಲಿ ಕೇಳು’ ಅಂದುಬಿಡುತ್ತೇನೆ. ಆಮೇಲೆ ಓದಿ ನಾನೇ ಕೇಳಿಸಿಕೊಳ್ಳುತ್ತೇನೆ.

ಐದನೇ ಅಧ್ಯಾಯದಲ್ಲಿ ಬಯಲುಸೀಮೆಯ ಒಬ್ಬ, ಹೊಳೆ ಹಿಂದಕ್ಕೆ ಹರಿಯುವುದನ್ನು ಕಂಡು ಬೆಚ್ಚಿಬೀಳುತ್ತಾನೆ. ಓದುತ್ತಿದ್ದವನು ಎದ್ದು ಕೂತೆ. ಇದು ನಮ್ಮ ಮನೆಯ ಕತೆ! ನಾವು ಪಾಂಡವಪುರದ ಕಡೆಯವರು, ನಾಲೆಯ ಪಕ್ಕ ಹುಟ್ಟಿದವರು. ನೀರು ಏರಿತು ಅಂದರೆ ಯಾರೋ ಗೇಟು ಎತ್ತಿದ್ದಾರೆ ಎಂದರ್ಥ. ಬೇರೆ ಕಾರಣ ನಮಗೆ ಗೊತ್ತಿಲ್ಲ. ಅಲ್ಲಿಗೆ ಹೋದ ಮೊದಲ ವಾರ, ಸಮುದ್ರಕ್ಕೆ ಹೋಗಬೇಕಾದ ಶರಾವತಿ ಘಟ್ಟದ ಕಡೆಗೆ ಹೊರಟಿದ್ದಳು. ನಾನು ಓಡಿಹೋಗಿ ದೋಣಿಯವನನ್ನು ದಬಾಯಿಸಿದೆ: “ಯಾವ ಗೇಟು ಬುಟ್ರಪ್ಪಾ? ಮೊದ್ಲೇ ಟಾಂಟಾಂ ಹೊಡಿಸೋದಲ್ವಾ? ದನ ನೀರಿಗಿಳಿದಿದ್ರೆ?”

ಅವನು ಹುಟ್ಟು ಕೆಳಗಿಟ್ಟು ನನ್ನನ್ನೇ ನೋಡಿದ. “ಸಮುದ್ರಕ್ಕೆ ಎಂಥ ಗೇಟು ಮಾರಾಯ್ರೆ? ಭರತ ಬಂತು. ಇನ್ನಾರು ತಾಸಿಗೆ ತಾನೇ ಇಳೀತದೆ.”

ಭರತ ಅಂದರೆ ಸಮುದ್ರ ಉಬ್ಬಿ ಹೊಳೆಗೆ ನುಗ್ಗುವುದು ಎಂದು ಆಮೇಲೆ ತಿಳಿಯಿತು. ತಪ್ಪು ನನ್ನದು. ಆದರೆ ಊರಿಗೆ ಬಂದು ಹೇಳುವಾಗ, ಕೇಳಿದವಳು ಸುಶೀಲ ಎಂದುಬಿಟ್ಟೆ. ಸರ್ಕಾರಿ ನೌಕರ ಹಾಗೆ ಕೇಳಿದ ಅಂದರೆ ಚೆನ್ನಾಗಿರುವುದಿಲ್ಲವಲ್ಲ. ಆಮೇಲೆ ಮದುವೆಮನೆ, ಬೀಗರೂಟ ಎಲ್ಲಾ ಕಡೆ ಅದೇ ಕತೆ. ಅವಳ ತವರಿನವರಂತೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸುಶೀಲ ಒಂದು ದಿನವೂ ಎದುರಾಡಲಿಲ್ಲ.

ಲೈಬ್ರರಿಯ ಓದುಗರ ಬಳಗದವರು, “ಆ ಕಡೆ ಇದ್ದೋರು ನೀವು, ಭಾನುವಾರ ಈ ಕಾದಂಬರಿ ಬಗ್ಗೆ ನಾಲ್ಕು ಮಾತಾಡಿ ಸಾರ್” ಎಂದರು. ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಸುಶೀಲಳ ತಮ್ಮ ಸಿದ್ದರಾಜುವೂ ಪಾಂಡವಪುರದಿಂದ ಬೈಕಿನಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಕೂತ. ಐದನೇ ಅಧ್ಯಾಯಕ್ಕೆ ಬಂದೆ. “ನಮ್ಮ ಮನೆಯವಳು...” ಎಂದು ಶುರು ಮಾಡಿದವನಿಗೆ ಮಾತು ಮುಂದಕ್ಕೆ ಹೋಗಲಿಲ್ಲ. ಇದ್ದಾಗ, ಬೇಕೆಂದರೆ ಸುಳ್ಳು ಅನ್ನುವುದಕ್ಕಾದರೂ ಅವಳಿದ್ದಳು. ಈಗ ಹೇಳಿದರೆ ಇನ್ನು ಅವಳು ಸಮುದ್ರಕ್ಕೆ ಗೇಟು ಕೇಳಿದವಳಾಗಿಯೇ ಉಳಿದುಬಿಡುತ್ತಾಳೆ. ನೀರು ಕುಡಿದು, “ಕೇಳಿದ್ದು ನಾನು” ಎಂದೆ. ಅವಳ ವಿಷಯವನ್ನೂ ಹೇಳಿದೆ. ತಿಂಗಳೊಳಗೆ ಚಿಪ್ಪಿ ಆರಿಸುವ ಹೆಂಗಸರ ಜೊತೆ ಹೊಳೆಗಿಳಿದು, ಭರತ ಯಾವಾಗ, ಇಳಿತ ಯಾವಾಗ ಎಂದು ಚಂದ್ರನನ್ನು ನೋಡಿ ಹೇಳುವಷ್ಟು ಕಲಿತಿದ್ದಳು. ಅದನ್ನು ಹೇಳುವಾಗ ನನ್ನ ದನಿ ತಾನಾಗಿ ಜೋರಾಯಿತು. ಮುಂದೆ ಕೂತಿದ್ದ ಹಿರಿಯರೊಬ್ಬರು, “ಬುಡಿ ಸಾರ್, ನಮ್ ಕಡೆಯೋನು ಯಾರಾದ್ರೂ ಅಂಗೇ ಕೇಳೋನು” ಎಂದು ಸಮಾಧಾನ ಮಾಡಿದರು.

ಹೊರಗೆ ಬಂದು ಸಿದ್ದರಾಜುವಿಗೆ, “ಇಷ್ಟು ವರ್ಷ ನಿಮ್ಮಕ್ಕನ ಮೇಲೆ ಹಾಕ್ಬುಟ್ಟಿದ್ದೆ ಕಣಪ್ಪ” ಎಂದೆ.

“ಅಯ್ಯೋ, ಅದು ನಮಗೆ ಆವತ್ತೇ ಗೊತ್ತು ಭಾವ. ಅಕ್ಕ ಆ ವಾರವೇ ಕಾಗ್ದ ಬರ್ದಿದ್ಲು. ‘ಊರಿಗೆ ಬಂದಾಗ ನನ್ ಮೇಲೆ ಹೇಳ್ತಾರೆ, ಯಾರೂ ಬಾಯಿ ಬುಡಬೇಡಿ’ ಅಂತಾನೂ ಬರ್ದಿದ್ಲು.”

ಅಂದರೆ ಅವರ ಮನೆಯಲ್ಲಿ ಅಷ್ಟು ವರ್ಷ ಎಲ್ಲರೂ ನಕ್ಕದ್ದು ನನ್ನನ್ನು ನೋಡಿ! ಆ ಕಾಗದ ಇನ್ನೂ ಇದೆಯಾ, ಒಂದು ಸಲ ಕೊಡು ಎಂದೆ.

“ಎಲ್ಲಾ ಅವ್ವನ ಟ್ರಂಕಲ್ಲಿ ಅವೆ. ಕೊಡಾಕೆ ಅವ್ವ ಒಪ್ಪಲ್ಲ ಭಾವ. ಅದ್ರಲ್ಲಿ ನಿಮ್ದು ಇನ್ನೂ ಬೇಕಾದಷ್ಟು ಐತೆ.”

ಹೊನ್ನಾವರದ ಬಗ್ಗೆ ಬರೆದವರು ನಮ್ಮ ಮನೆಯಲ್ಲೂ ಒಬ್ಬರಿದ್ದರು ಎಂಬ ಹೆಮ್ಮೆಯಿಂದ ಅವನ ಬೈಕಿನ ಹಿಂದೆ ಹತ್ತಿ ಕೂತೆ. ಅತ್ತೆಯ ಕಾಲು ಹಿಡಿದಾದರೂ ಓದಲೇಬೇಕು. ನಾನಿಲ್ಲಿ ಭಾಷಣ ಮಾಡಿಕೊಂಡು ಓಡಾಡುತ್ತಿದ್ದರೆ, ಪಾಂಡವಪುರದಲ್ಲಿ ಮನೆಮಂದಿಯೆಲ್ಲಾ ನನ್ನನ್ನು ಓದಿ ಮುಗಿಸಿದ್ದಾರೆ.