ಗದ್ದೆಪ್ಪನ ಸೊಂಟಕ್ಕೆ ಮೂರು ಒದೆ

ಬೆಳಿಗ್ಗೆ ನೀರಿನ ಚರಿಗೆ ಎತ್ತಲು ಬಗ್ಗಿದ ಗದ್ದೆಪ್ಪ ಬಗ್ಗಿದಲ್ಲೇ ಉಳಿದ. ಸೊಂಟದ ಎಡಕ್ಕೆ ಯಾರೋ ಗೂಟ ಹೊಡೆದಂತಾಗಿತ್ತು. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲ ಅವನು. ನಾಳೆ ಲಾರಿ ತುಂಬಲು ಹೋಗದಿದ್ದರೆ ಅವನ ಜಾಗಕ್ಕೆ ಬೇರೆಯವನು ಬರುತ್ತಾನೆ. ಹಟ್ಟಿಯ ಚಿನ್ನದ ಗಣಿಯವರಿಗಾದರೆ ಕಂಪನಿಯ ದವಾಖಾನೆ ಇದೆ. ಗದ್ದೆಪ್ಪನಿಗೆ ಪುಕ್ಕಟೆ ಸಿಗುವುದೆಂದರೆ ನೆರೆಯವರ ಸಲಹೆ ಒಂದೇ.

ಅದು ಗೋಡೆಯಾಚೆಯಿಂದ ಬಂದೇಬಿಟ್ಟಿತು. "ಉಳುಕು ಅದು," ಎಂದಳು ಪಕ್ಕದ ಮನೆಯ ಪಕೀರಮ್ಮ. "ಕಾಲು ಮುಂದಾಗಿ ಹುಟ್ಟಿದವ್ರ ಕಡಿಂದ ಮೂರು ಸಲ ಒದಿಸ್ಕೊ. ಅವ್ರು ರೊಕ್ಕ ಮುಟ್ಟಂಗಿಲ್ಲ. ಮುಟ್ಟಿದ್ರ ಕಾಲಿನ ಗುಣ ಹೋಗ್ತೈತಿ."

ರೊಕ್ಕ ಮುಟ್ಟುವುದಿಲ್ಲ ಎಂಬ ಮಾತಿಗೇ ಗದ್ದೆಪ್ಪನ ಅರ್ಧ ನೋವು ಇಳಿಯಿತು. ಉಚ್ಚೆ ಹೊಯ್ಯುವಾಗ ಉರಿಯುವುದನ್ನು, ರಾತ್ರಿ ಚಳಿ ಬಂದು ನಡುಗಿದ್ದನ್ನು ಅವನು ಬಾಯಿಬಿಡಲಿಲ್ಲ. ಹೆಂಗಸರ ಮುಂದೆ ಹೇಗೆ ಹೇಳುವುದು?

ಹಾಗೆ ಹುಟ್ಟಿದವನೊಬ್ಬ ತುರ್ವಿಹಾಳದಲ್ಲಿದ್ದ, ಶಾವಲಿ ಪೈಲ್ವಾನ. ಹೆಂಡತಿ ಸೂಗಮ್ಮ ಬಸ್ಸು ಹತ್ತಿಸಿದಳು. ಹಿಂದಿನ ಸೀಟು ದಾರಿಯುದ್ದಕ್ಕೂ ಒದೆಯುತ್ತಲೇ ಹೋಯಿತು. ಅದೂ ಕಾಲು ಮುಂದಾಗಿಯೇ ಹುಟ್ಟಿರಬೇಕು.

ಶಾವಲಿ ಅವನನ್ನು ಅಂಗಳದಲ್ಲಿ ಬೋರಲು ಮಲಗಿಸಿದ. ಮೊದಲ ಒದೆಗೆ ಗದ್ದೆಪ್ಪನಿಗೆ ಸತ್ತ ಅಪ್ಪ ಕಂಡ. ಎರಡನೆಯದಕ್ಕೆ ಅಪ್ಪ ಕೈಮಾಡಿ ಕರೆದ. ಮೂರನೆಯದಕ್ಕೆ ಗದ್ದೆಪ್ಪ ಅಲ್ಲಿರಲಿಲ್ಲ, ರಸ್ತೆಯಲ್ಲಿ ಓಡುತ್ತಿದ್ದ.

"ನೋಡ್ರಿ, ಹೆಂಗ ಓಡಾಕತ್ತಾನ. ಗುಣ ಆತು," ಎಂದ ಶಾವಲಿ.

ಸಂಜೆ ಮನೆ ಮುಟ್ಟಿದ ಮೇಲೆ ಜ್ವರವೇರಿ ಹಲ್ಲು ಕಟಕಟ ಅನ್ನತೊಡಗಿದಾಗ ಸೂಗಮ್ಮ ಯಾರ ಮಾತೂ ಕೇಳಲಿಲ್ಲ. ತನ್ನ ಬೆಳ್ಳಿ ಕಾಲ್ಗಡಗ ಒತ್ತೆಯಿಟ್ಟು ಡಾಕ್ಟರ ಹತ್ತಿರ ಎಳೆದೊಯ್ದಳು.

"ಉಳುಕಲ್ಲಪಾ ಇದು, ಕಿಡ್ನಿಗೆ ಸೋಂಕು ಆದಂಗೈತಿ. ನೀರು ಕುಡಿಯಂಗಿಲ್ಲೇನು?"

"ಕುಡಿದ್ರ ಎದ್ದೆದ್ದು ಹೋಗಬೇಕಲ್ರಿ. ಅಷ್ಟರಾಗ ನನ್ನ ಚೀಲ ಬ್ಯಾರೆಯವ ಹೊತ್ತಿರ್ತಾನ."

ಡಾಕ್ಟರು ಸೂಜಿ ಚುಚ್ಚಿ, ಗುಳಿಗೆ ಕೊಟ್ಟು, ಕಾಲ್ಗಡಗದ ರೊಕ್ಕವನ್ನೆಲ್ಲ ಎಣಿಸಿಕೊಂಡು, ಒಂದು ವಾರ ಮಲಗಿರಲು ಹೇಳಿದರು.

ಮನೆಗೆ ಬಂದರೆ ಸುದ್ದಿ ಕೇಳಿ ಸಂತೆಕಲ್ಲೂರಿನಿಂದ ಬಂದಿದ್ದ ತಾಯಿ ಗ್ಯಾನಮ್ಮ ಕಟ್ಟೆಯ ಮೇಲೆ ಕೂತಿದ್ದಳು. "ಕಾಲು ಮುಂದಾಗಿ ಹುಟ್ಟಿದವ್ರನ್ನ ಹುಡುಕ್ಕೊಂಡು ತುರ್ವಿಹಾಳಕ ಯಾಕ ಹೋಗಿದ್ದಿ? ನೀನೂ ಹಂಗ ಹುಟ್ಟೀದಿ. ಎರಡು ದಿನ ನನ್ನ ಜೀವ ತಿಂದು, ಕಾಲು ಚಾಚ್ಕೊಂಡು ಬಂದಿ."

ಪಕೀರಮ್ಮ ಕೇಳಿಸಿಕೊಂಡಳು. ಅಷ್ಟು ಸಾಕಾಯಿತು.

ಬೆಳಗಾಗುವಷ್ಟರಲ್ಲಿ ಇಡೀ ಗಿರಣಿಯ ಹಮಾಲರು ಸೊಂಟ ಹಿಡಿದು ಬಾಗಿಲ ಮುಂದೆ ಸಾಲಾಗಿ ಪಾಳಿ ಹಚ್ಚಿದ್ದರು. ಎಲ್ಲರಿಗಿಂತ ಮುಂದೆ, ಹಮಾಲರಿಗೆ ಕೆಲಸ ಹಂಚುವ ಮೇಸ್ತ್ರಿ ಗೋಪಣ್ಣ.

"ನನಗ ಆರಾಮಿಲ್ರಿ," ಎಂದ ಗದ್ದೆಪ್ಪ.

"ಒದಿಯೋ. ನಿನ್ನ ಜಾಗ ಒಂದು ವಾರ ಹಂಗ ಇಡ್ತೀನಿ."

ಇನ್ನೇನು ಮಾಡುತ್ತಾನೆ? ಗೋಡೆ ಹಿಡಿದುಕೊಂಡು ಒದ್ದ. ಒಂದೊಂದು ಒದೆಗೂ ಮಲಗಿದವರು "ಹಾಯ್" ಎಂದರು, ನಿಂತವನು "ಅಯ್ಯೋ" ಎಂದ. ಪಾಳಿಯ ಕೊನೆಯಲ್ಲಿ ಡಾಕ್ಟರು ನಿಂತಿದ್ದರು.

"ಸ್ಕೂಟರ್ ಕಿಕ್ ಹೊಡೆದು ಹೊಡೆದು ಉಳುಕೈತಪಾ. ಎಷ್ಟು ಕೊಡ್ಲಿ?"

"ರೊಕ್ಕ ಮುಟ್ಟಂಗಿಲ್ರೀ," ಎಂದಳು ಪಕೀರಮ್ಮ.

ಗದ್ದೆಪ್ಪನಿಗೆ ಹೆಂಡತಿಯ ಕಾಲ್ಗಡಗವಿಲ್ಲದ ಬರಿಗಾಲು ಕಂಡಿತು. ಈ ಸಲ ಮನಸಾರೆ ಒದ್ದ. ಡಾಕ್ಟರ ಸೊಂಟ ನೆಟ್ಟಗಾಯಿತು. ಗದ್ದೆಪ್ಪನದು 'ಕಟಕ್' ಎಂದಿತು. ಡಾಕ್ಟರೇ ಅಮುಕಿ ನೋಡಿದರು.

"ಈಗ ಇದು ಖರೇ ಉಳುಕು ನೋಡು. ಗುಳಿಗಿಗೆ ಬಗ್ಗಂಗಿಲ್ಲ, ಯಾರ ಕಡಿಂದರ ಒದಿಸ್ಕೊ."

ಓಣಿಯೆಲ್ಲ ಗದ್ದೆಪ್ಪನ ಕಾಲನ್ನೇ ನೋಡಿತು. ಗದ್ದೆಪ್ಪನೂ ನೋಡಿಕೊಂಡ. ಅದು ಅವನ ಸೊಂಟಕ್ಕೆ ಮುಟ್ಟುವಂತಿರಲಿಲ್ಲ.

"ತುರ್ವಿಹಾಳದ ಬಸ್ಸು ಬಿಡೋ ಹೊತ್ತಾತು," ಎಂದಳು ಪಕೀರಮ್ಮ.